ಗುಂಡಿನ ಸದ್ದಿಗೆ ಬೆಚ್ಚದವನು

ಢಂ!

ಪರದೆಯ ಮೇಲೆ ತೈಲ ಮಂತ್ರಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದ. ಗುಂಡು ಹಾರಿದ್ದು ಯಾರಿಗೂ ಕಾಣಲಿಲ್ಲ. ಸದ್ದು ಮಾತ್ರ ಹಿಂದಿನಿಂದ, ಪ್ರೇಕ್ಷಕರ ಬೆನ್ನಿಗೇ ಹೊಡೆದ ಹಾಗೆ ಬಂತು. ಮಂತ್ರಿ ಕಪ್ಪು ಕೆಳಗಿಡಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು.

ಇಡೀ ಚಿತ್ರಮಂದಿರ ಬೆಚ್ಚಿಬಿತ್ತು. ಯಾರದೋ ಪಾಪ್‌ಕಾರ್ನ್ ಹಾರಿ ಮುಂದಿನವರ ತಲೆಯ ಮೇಲೆ ಬಿತ್ತು. ಅಕ್ಕ ಭಾವನ ತೋಳು ಹಿಡಿದಳು. ಭಾವ ಅಮ್ಮನ ತೋಳು ಹಿಡಿದರು. ನಿದ್ದೆಯಲ್ಲಿದ್ದ ಅಮ್ಮ, "ಯಾರು ಬಂದ್ರು?" ಎಂದು ಎದ್ದು ಕೂತಳು.

ಒಂದು ತಲೆ ಮಾತ್ರ ಅಲುಗಲಿಲ್ಲ.

ಎರಡು ಸಾಲು ಮುಂದೆ, ಗೋಡೆ ಪಕ್ಕದ ಸೀಟು. ಸುತ್ತಲಿನವರೆಲ್ಲ ಕುರ್ಚಿಯಿಂದ ಹಾರಿದರೂ ಆ ತಲೆ ಇದ್ದಲ್ಲೇ ಇತ್ತು.

'ಎಂಥ ಮನುಷ್ಯನಪ್ಪ ಇವನು! ಎದೆ ಇರೋ ಜಾಗದಲ್ಲಿ ಏನಿಟ್ಟುಕೊಂಡಿದ್ದಾನೆ?' ಅಂದುಕೊಂಡಳು ಅಮ್ಮನ ಪಕ್ಕ ಕೂತಿದ್ದ ಕಿರಿಯ ಮಗಳು.

ಅಷ್ಟರಲ್ಲಿ ಪರದೆ ಬೆಳಗಿತು. ಆ ಕುತ್ತಿಗೆ... ಆ ಬಲಗಿವಿ... ಕಿವಿಯ ಹಿಂದೆ ಸುಳಿ ಸುತ್ತಿಕೊಂಡು ಯಾವ ಬಾಚಣಿಗೆಗೂ ಬಗ್ಗದ ಒಂದು ಹಿಡಿ ಕೂದಲು...



ಆ ಕೂದಲನ್ನು ಒಂದು ಕಾಲದಲ್ಲಿ ಬೆರಳಿನಿಂದ ಒತ್ತಿ ಕೂರಿಸಲು ಹೋಗಿ ಸೋತವಳು ಅವಳೇ.

ಅವನು!

*

ಅವಳು ಡಬ್ಬಿಂಗ್ ಕಲಾವಿದೆ. ಬೇರೆ ದೇಶದ, ಬೇರೆ ಭಾಷೆಯ ನಟಿಯರಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವಳ ಕೆಲಸ. ಅವಳು ಎಷ್ಟೋ ಸಲ ಸತ್ತಿದ್ದಾಳೆ, ಮದುವೆಯಾಗಿದ್ದಾಳೆ, ಹೆತ್ತಿದ್ದಾಳೆ, ಒಮ್ಮೆ ಡಾಲ್ಫಿನ್ ಕೂಡ ಆಗಿದ್ದಾಳೆ. ರಸ್ತೆಯಲ್ಲಿ ಮಾತ್ರ ಯಾರೂ ಗುರುತು ಹಿಡಿಯುವುದಿಲ್ಲ.

ಈ ಸಿನಿಮಾದಲ್ಲಿ ಅವಳು ಒಬ್ಬ ಎಂಜಿನಿಯರನ ಹೆಂಡತಿ. ಸಮುದ್ರದಡಿಯ ತೈಲಕ್ಕಾಗಿ ಒಬ್ಬ ಮಂತ್ರಿಯೂ ಒಂದು ಕಂಪನಿಯೂ ಸೇರಿ ನಡೆಸುವ ಮೋಸ, ಅದನ್ನು ಕಂಡುಹಿಡಿದ ಒಬ್ಬ ಎಂಜಿನಿಯರ್, ಅವನ ಹಿಂದೆ ಬಿದ್ದ ಕೊಲೆಗಾರರು... ಒಟ್ಟಿನಲ್ಲಿ ಭೂಮಿಯ ಒಳಗಿರುವುದಕ್ಕಾಗಿ ಭೂಮಿಯ ಮೇಲಿರುವವರು ಒಬ್ಬರನ್ನೊಬ್ಬರು ತಿನ್ನುವ ಕಥೆ. ಮಗಳ ದನಿ ಇದೆ ಎಂದು ಅಮ್ಮ ಮನೆಮಂದಿಯನ್ನೆಲ್ಲ ಮಧ್ಯಾಹ್ನದ ಆಟಕ್ಕೆ ಹೊರಡಿಸಿದ್ದಳು. ಬಂದು ಕೂತ ಕೂಡಲೇ ನಿದ್ದೆ ಹೋಗಿದ್ದಳು.

"ಎಣ್ಣೆ ಸಿನಿಮಾ ಅಂದಾಗ ನಾನು ಬೇರೆ ಎಣ್ಣೆ ಅಂದ್ಕೊಂಡಿದ್ದೆ ಕಣಮ್ಮ," ಎಂದು ಭಾವ ಟಿಕೆಟ್ ಕೊಳ್ಳುವಾಗಲೇ ನಿರಾಶೆ ತೋಡಿಕೊಂಡಿದ್ದರು.

ಎಣ್ಣೆ ಎಂದರೆ ಅವಳಿಗೂ ಬೇರೆಯೇ ನೆನಪು.

ಬಂದರಿನ ತೈಲ ಘಟಕದ ಪಂಪ್ ಹೌಸ್. ಹಡಗಿನಿಂದ ಬಂದ ತೈಲವನ್ನು ಟ್ಯಾಂಕಿಗೆ ಏರಿಸುವ ದೊಡ್ಡ ದೊಡ್ಡ ಪಂಪುಗಳು. ಪಕ್ಕದಲ್ಲಿ ನಿಂತವನು ಕಿರುಚಿದರೂ ಬಾಯಿ ಆಡುವುದಷ್ಟೇ ಕಾಣುವಂಥ ಸದ್ದು. ಅದು ಒಳಹೋಗದಂತೆ ಎಲ್ಲರ ಕಿವಿಗೂ ಇಯರ್ ಮಫ್ ಎಂಬ ದಪ್ಪ ಮುಚ್ಚಳ. ಅಲ್ಲಿನ ಧ್ವನಿವರ್ಧಕಕ್ಕೆ ಅವಳು ಎಂದೋ ಒಂದು ಸೂಚನೆ ಓದಿಕೊಟ್ಟಿದ್ದಳು. ಅದನ್ನು ಪಾಳಿ ಬದಲಾದಾಗಲೆಲ್ಲ, ನಡುನಡುವೆ ಕೂಡ, ಹಾಕುತ್ತಿದ್ದರು.

'ಕಿವಿಗೆ ಇಯರ್ ಮಫ್ ಹಾಕಿಕೊಳ್ಳಿ. ತಲೆಗೆ ಹೆಲ್ಮೆಟ್ ಹಾಕಿಕೊಳ್ಳಿ. ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ.'

ಹೊಸ ಸೂಚನೆಗಳನ್ನು ಓದಲು ಮತ್ತೆ ಕರೆಸಿದಾಗ ಅವಳು ಮೊದಲ ಸಲ ಪಂಪ್ ಹೌಸ್ ಕಂಡಳು. ನೀಲಿ ಅಂಗಿಯ ಒಬ್ಬ ಪಂಪ್ ಆಪರೇಟರ್ ಅವಳ ಒಂದು ಮಾತು ಕೇಳಿದ್ದೇ ಬಾಯಿ ಬಿಟ್ಟು ನಿಂತಿದ್ದ.

"ದೊಡ್ಡಮ್ಮ ಅಂದ್ರೆ... ನೀವಾ?"

"ಯಾರ ದೊಡ್ಡಮ್ಮ?"

"ಪಂಪ್ ಹೌಸಿನ ದೊಡ್ಡಮ್ಮ! ಅದು ಹಾಕ್ಕೊಳ್ಳಿ, ಇದು ಹಾಕ್ಕೊಳ್ಳಿ ಅಂತ ಬೆಳಗಿಂದ ಸಂಜೆ ತನಕ ಗದರ್ತೀರಲ್ಲ, ನಾವೇ ಹೆಸರಿಟ್ಟಿದ್ದು. ತಲೆ ನರೆತಿರುತ್ತೆ, ಕೈಯಲ್ಲಿ ಸೌಟಿರುತ್ತೆ ಅಂದ್ಕೊಂಡಿದ್ವಿ..."

"ನಿರಾಸೆ ಆಯ್ತಾ?"

"ತುಂಬಾ," ಎಂದಿದ್ದ ಅವನು. ಅವನ ಮುಖ ಬೇರೆಯೇ ಹೇಳುತ್ತಿತ್ತು.

ಅಲ್ಲಿಂದ ಶುರು. ಅವನು ಅವಳನ್ನು ಕೊನೆಯವರೆಗೂ ದೊಡ್ಡಮ್ಮ ಎಂದೇ ಕರೆದ. "ಕಟ್ಟಿಕೊಳ್ಳೋಳನ್ನ ಯಾರಾದ್ರೂ ದೊಡ್ಡಮ್ಮ ಅಂತಾರಾ? ಸಂಬಂಧ ಕೆಡುತ್ತೆ ಕಣಪ್ಪ!" ಎಂದು ಅಮ್ಮ ಗಾಬರಿಯಾಗಿದ್ದಳು.

"ದಿನವೂ ನಿನ್ನ ದನಿ ಕೇಳ್ತೀನಿ, ಗೊತ್ತಾ? ನೀನು ಯಾವೂರಲ್ಲೇ ಇರು, ಕೆಲಸದಲ್ಲಿ ನನ್ನ ಜೊತೆಗೇ ಇರ್ತೀಯ," ಎನ್ನುತ್ತಿದ್ದ. ಅವಳು ಕರಗಿಹೋಗುತ್ತಿದ್ದಳು. ಪ್ರೀತಿಸುವವರು ಇಂಥ ಮಾತಿಗೆ ಕರಗುತ್ತಾರೆಯೇ ಹೊರತು ಮರುಪ್ರಶ್ನೆ ಹಾಕುವುದಿಲ್ಲ.

ಆಮೇಲಾಮೇಲೆ ಅವನು ಬದಲಾದ. ಅವಳು ಏನಾದರೂ ಹೇಳಿದರೆ, "ಏನಂದೆ?" ಮತ್ತೆ ಹೇಳಿದರೆ, ಸುಮ್ಮನೆ ನಗು. "ನನ್ನ ಮಾತಿಗೆ ನಿನ್ನ ಹತ್ರ ಬೆಲೆಯೇ ಇಲ್ಲ!" ಎಂದು ಅವಳು ಜಗಳ ತೆಗೆದಳು. ಅವನು ಬರುವುದು ಕಡಿಮೆ ಮಾಡಿದ.

ಕೊನೆಗೆ ಒಂದು ದಿನ ಆ ಫೋನು.

"ನನಗಾಗಿ ಕಾಯಬೇಡ. ಇದು ನನಗೆ ಬೇಡ ಅನ್ನಿಸ್ತಿದೆ. ನೀನು ಕೆಟ್ಟವಳಲ್ಲ. ನನಗೆ ಬೇಡ, ಅಷ್ಟೆ."

"ಏನು ಮಾತಾಡ್ತಿದ್ದೀಯ? ನಾನೇನು ಮಾಡ್ದೆ? ಬೇರೆ ಯಾರಾದ್ರೂ ಇದ್ದಾರಾ? ಹೇಳೋ... ನಿನ್ನ ದಮ್ಮಯ್ಯ, ಫೋನಿಡಬೇಡ..."

ಅವನು ಒಂದಕ್ಕೂ ಉತ್ತರ ಕೊಡಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಕಾದ. ಅಳು ಇನ್ನೂ ಮುಗಿದಿರಲಿಲ್ಲ, ಆಗ ಅವನೆಂದ:

"ಸರಿ ಹಾಗಾದ್ರೆ."

ಫೋನ್ ಕಟ್ಟಾಯಿತು.

ಸರಿ ಹಾಗಾದ್ರೆ! ಬಸ್ಸು ಹತ್ತಿಸಲು ಬಂದ ನೆಂಟರು ಹೇಳುವ ಮಾತು. ಅವಳ ಬದುಕು ಕುಸಿದದ್ದು ಆ ಎರಡು ಪದಗಳ ಮೇಲೆ.

ಘಟಕದ ಗೇಟಿಗೆ ಹೋದಳು. "ಅವರನ್ನು ಬೇರೆ ಕಡೆ ಹಾಕಿದ್ದಾರಮ್ಮ. ಏನೋ ಆಯ್ತು... ನಾವು ಹೇಳೋ ಹಾಗಿಲ್ಲ," ಎಂದು ಕಾವಲಿನವರು ನೆಲ ನೋಡಿದರು. ನಂಬರು ಬದಲಾಗಿತ್ತು. ಅವಳು ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಪರಭಾಷೆಯ ನಟಿಯರ ಅಳುವನ್ನೆಲ್ಲ ಅತ್ತಳು. ಅದಕ್ಕೆ ಸಂಭಾವನೆಯೂ ಬಂತು.

*

ಇಂಟರ್‌ವಲ್. ದೀಪ ಹತ್ತಿತು. ಅವನು ಎದ್ದು ಹೊರಗೆ ನಡೆದ.

'ಹೋಗಬಾರದು. ಮಾತಾಡಿಸಬಾರದು. ಅವನು ಯಾರು ನನಗೆ?' ಎಂದುಕೊಳ್ಳುತ್ತಲೇ ಅವಳ ಕಾಲು ಅವನ ಹಿಂದೆ ಹೊರಟಿತ್ತು.

ಪಾಪ್‌ಕಾರ್ನ್ ಸಾಲಿನಲ್ಲಿ ಅವನ ಬೆನ್ನು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಕೇಳಿ..." ಎಂದಳು. ನಾಲಿಗೆ 'ನೀನು' ಅನ್ನಲು ಹೆದರಿತ್ತು.

ಅವನು ತಿರುಗಲಿಲ್ಲ.

"ನಿನಗೇ ಹೇಳ್ತಿರೋದು!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅವನು ಮಾತ್ರ ತಿರುಗಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟ. ಪೊಟ್ಟಣ ತೆಗೆದುಕೊಂಡ. ಆ ಕಡೆಯಿಂದಲೇ ಒಳಗೆ ಹೋದ.

ಅವಳ ಮುಖ ಬೂದಿಯಾಯಿತು. ಈ ದನಿಗೆ... ಈ ದನಿಗೆ ಅವನು ತಿರುಗಲಿಲ್ಲ! ಲೋಕವೆಲ್ಲ ದುಡ್ಡು ಕೊಟ್ಟು ಕೇಳುವ ದನಿ!

ವಾಪಸು ಬಂದಾಗ ಭಾವ ಪ್ರವಚನ ನಡೆಸುತ್ತಿದ್ದರು. "ನೋಡಿ, ಅಷ್ಟು ಜನ ಸತ್ತಿದ್ದು ಯಾಕೆ? ಒಂದು ಬ್ಯಾರಲ್ ಎಣ್ಣೆಗೆ! ನಾಳೆ ಬಂಕಿಗೆ ಹೋದ್ರೆ ನನಗೆ ಇದೇ ನೆನಪಾಗುತ್ತೆ. ಸ್ಕೂಟರಿಗೆ ಪೆಟ್ರೋಲ್ ಹಾಕ್ಸೋಕೆ ಕೈ ನಡುಗುತ್ತೆ."

"ಹಾಗಾದ್ರೆ ನಾಳೆಯಿಂದ ನಡ್ಕೊಂಡೇ ಹೋಗಿ," ಎಂದಳು ಅಕ್ಕ.

"ಕೈ ನಡುಗುತ್ತೆ ಅಂದೆ. ಕಾಲು ನಡೆಯುತ್ತೆ ಅನ್ನಲಿಲ್ಲ."

ಅವಳು ಅಮ್ಮನ ಪಕ್ಕ ಕೂತಳು. "ಅಮ್ಮ, ಆ ಹಲ್ಲಿನ ಡಾಕ್ಟರ ಮನೆಯವರು ಸಂಬಂಧ ಕೇಳಿದ್ರಲ್ಲ... ಹೂಂ ಅಂತ ಹೇಳಿಬಿಡು."

ಅಮ್ಮನ ನಿದ್ದೆ ಪೂರ್ತಿ ಹಾರಿಹೋಯಿತು. ಮಗಳ ಈ ಒಂದು 'ಹೂಂ'ಗೆ ಅವಳು ಎಷ್ಟು ಕಾದಿದ್ದಳೋ! ಆದರೆ ಮಗಳ ಮುಖ ನೋಡಿ, "ಸಿನಿಮಾ ಮುಗೀಲಿ, ಮನೇಲಿ ಮಾತಾಡೋಣ," ಎಂದಷ್ಟೇ ಹೇಳಿ ಅವಳ ಕೈಮೇಲೆ ಕೈಯಿಟ್ಟಳು.

*

ಡಬ್ಬಿಂಗ್‌ನವರಿಗೆ ಒಂದು ಶಾಪವಿದೆ. ಅವರು ಸಿನಿಮಾ ನೋಡುವುದಿಲ್ಲ, ತಮ್ಮ ತುಣುಕು ಮಾತ್ರ ನೋಡುತ್ತಾರೆ. ಕತ್ತಲೆ ಕೋಣೆಯಲ್ಲಿ ಒಬ್ಬೊಬ್ಬರೇ ನಿಂತು ತಮ್ಮ ಪಾತ್ರದ ಬಾಯಿ ಆಡಿದಾಗ ಮಾತಾಡಿ ಮನೆಗೆ ಹೋಗುತ್ತಾರೆ. ಎದುರಿನ ಪಾತ್ರ ಆ ಹೊತ್ತಿಗೆ ಎಲ್ಲಿದೆ, ಏಕೆ ಹಾಗೆ ಹೇಳುತ್ತಿದೆ, ಅವರಿಗೆ ಗೊತ್ತಿರುವುದಿಲ್ಲ.

ಎಂಜಿನಿಯರ್ ಹೆಂಡತಿಗೆ ಫೋನ್ ಮಾಡುವ ದೃಶ್ಯ ಅವಳಿಗೆ ಚೆನ್ನಾಗಿ ನೆನಪಿತ್ತು. ಅವಳಿಗೆ ತೋರಿಸಿದ್ದು ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತ ಹೆಂಗಸನ್ನು ಮಾತ್ರ. ಆ ಕಡೆಯಿಂದ ಗಂಡ ಹೇಳುತ್ತಾನೆ, ನೀನು ನನಗೆ ಬೇಡ ಎಂದು.

"ಈ ಮನುಷ್ಯ ಯಾಕಣ್ಣ ಹೀಗೆ ಮಾತಾಡ್ತಾನೆ?" ಎಂದು ಅವಳು ಸೌಂಡ್ ಎಂಜಿನಿಯರನ್ನು ಕೇಳಿದ್ದಳು.

"ಯಾಕಾದ್ರೇನು? ನೀನು ಅಳು," ಎಂದಿದ್ದರು ಅವರು. ಅವರಿಗೆ ಆಚೆ ಇನ್ನೂ ಮೂರು ಸಿನಿಮಾ ಕಾಯುತ್ತಿದ್ದವು.

ಅವಳು ಅಳಲಿಲ್ಲ. ತನ್ನ ಫೋನು, ತನ್ನ 'ಸರಿ ಹಾಗಾದ್ರೆ' ನೆನೆದು, ಹಲ್ಲು ಕಚ್ಚಿ, ಎದೆಯ ವಿಷವನ್ನೆಲ್ಲ ಆ ಸಾಲುಗಳಿಗೆ ಸುರಿದಿದ್ದಳು. 'ಹೋಗು. ನೀನು ಯಾವತ್ತೂ ನನ್ನವನಾಗಿರಲಿಲ್ಲ. ಇನ್ನು ನೀನು ನನ್ನ ಪಾಲಿಗೆ ಇಲ್ಲ.' ಒಂದೇ ಟೇಕಿಗೆ ಮುಗಿದಿತ್ತು. ಸೌಂಡ್ ಎಂಜಿನಿಯರ್ ಚಪ್ಪಾಳೆ ತಟ್ಟಿದ್ದರು.

ಈಗ ಅದೇ ದೃಶ್ಯ ಪರದೆಯ ಮೇಲೆ ಬಂತು.

ಅಡುಗೆಮನೆ. ಫೋನು. ಹೆಂಡತಿ. ಅವಳದೇ ದನಿ...

ತಟ್ಟನೆ ದೃಶ್ಯ ಬದಲಾಯಿತು. ಬಂದರಿನ ಗೋದಾಮು. ಗಂಡ ನೆಲದ ಮೇಲೆ ಮಂಡಿಯೂರಿದ್ದಾನೆ. ಕೆನ್ನೆಗೆ ರಕ್ತ ಒಣಗಿದೆ. ತಲೆಗೆ ಬಂದೂಕು ಹಿಡಿದವನು ಪಕ್ಕದಲ್ಲೇ ನಿಂತಿದ್ದಾನೆ. ಹೆಂಡತಿಗೆ ಏನೂ ಗೊತ್ತಿಲ್ಲವೆಂದು ಕೊಲೆಗಾರರಿಗೆ ನಂಬಿಕೆ ಬರಬೇಕು, ಅವಳು ಉಳಿಯಬೇಕು. ಅದಕ್ಕಾಗಿ ಅವನು ಅವಳನ್ನು ಬೇಡ ಎನ್ನುತ್ತಿದ್ದಾನೆ...

"ಅಯ್ಯೋ!" ಎಂದಳು ಅವಳು, ಜೋರಾಗಿಯೇ.

ಅವಳದೇ ದನಿ ಫೋನಿನಲ್ಲಿ ಆ ಬಡಪಾಯಿಯ ಕಿವಿಗೆ ವಿಷ ಸುರಿಯುತ್ತಿತ್ತು. 'ಇನ್ನು ನೀನು ನನ್ನ ಪಾಲಿಗೆ ಇಲ್ಲ.' ಗುಂಡಿಗಿಂತ ಮುಂಚೆ ಆ ದನಿಯೇ ಅವನನ್ನು ಕೊಂದಿತು. ಸುತ್ತ ಜನ ಬಿಕ್ಕುತ್ತಿದ್ದರು. ಅಕ್ಕನ ಕರವಸ್ತ್ರ ಭಾವನ ಕೈಗೆ ಹೋಗಿತ್ತು.

ಅವಳು ಗೋಡೆ ಪಕ್ಕದ ಸೀಟಿನತ್ತ ನೋಡಿದಳು.

ಅವನು ಅಳುತ್ತಿರಲಿಲ್ಲ. ಬಲ ಅಂಗೈಯನ್ನು ಗೋಡೆಗೆ, ಧ್ವನಿವರ್ಧಕದ ಕೆಳಗೆ, ಒತ್ತಿ ಹಿಡಿದಿದ್ದ. ಜ್ವರದವರ ಹಣೆ ಮುಟ್ಟಿ ನೋಡುವ ಹಾಗೆ.

'ಬೇಡ ಅಂದದ್ದು ಸುಳ್ಳಾದರೆ...?'

ಆ ಯೋಚನೆ ಹೊಕ್ಕಿದ್ದೇ ತಡ, ಉಳಿದದ್ದೆಲ್ಲ ತಾನೇ ಜೋಡಿಸಿಕೊಂಡಿತು. ತೈಲ ಘಟಕ! 'ಏನೋ ಆಯ್ತು, ಹೇಳೋ ಹಾಗಿಲ್ಲ!' ರಾತ್ರೋರಾತ್ರಿ ವರ್ಗ! ಬದಲಾದ ನಂಬರು! ಉತ್ತರವೇ ಇಲ್ಲದ ಆ ಫೋನು... ಪಕ್ಕದಲ್ಲಿ ಯಾರೋ ನಿಂತಿದ್ದರು! ಖಂಡಿತ ನಿಂತಿದ್ದರು!

ಬಿಟ್ಟುಹೋದವನು ದೇಶಕ್ಕಾಗಿ ಬಿಟ್ಟುಹೋದ ಎಂದು ನಂಬುವುದು ಎಷ್ಟು ಹಿತ! ಅಂದು ಮಧ್ಯಾಹ್ನ ಆ ಚಿತ್ರಮಂದಿರದಲ್ಲಿ ಹಾಗೆ ನಂಬಿದ ಹೆಂಗಸು ಅವಳೊಬ್ಬಳೇ ಇರಲಾರಳು.

ಕೊನೆಯ ದೃಶ್ಯದಲ್ಲಿ ಹೆಂಡತಿ ಏನೂ ಅರಿಯದೆ ಒಂದು ಬಂಕಿನಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸುತ್ತಾಳೆ. ಮಾತಿಲ್ಲ. ಉಸಿರಷ್ಟೆ. ಪರದೆ ಕತ್ತಲಾಯಿತು. ಗಂಡನ ತ್ಯಾಗಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವಳು ಓಡಿದಳು.

*

ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅವನ ಭುಜ ಹಿಡಿದೆಳೆದಳು. ಅವನು ಬೆಚ್ಚಿಬಿದ್ದ! ಗುಂಡಿಗೆ ಬೆಚ್ಚದವನು ಅವಳ ಬೆರಳಿಗೆ ಬೆಚ್ಚಿದ.

"ನೀನು..." ಎಂದ.

"ಯಾರು ನಿನ್ನ ಹೆದರಿಸಿದ್ದು? ಕಂಪನಿಯವರಾ? ಮಂತ್ರಿ ಕಡೆಯವರಾ? ಟ್ಯಾಂಕಿನ ವಿಷಯ ತಾನೆ? ಆವತ್ತು ಫೋನ್ ಮಾಡುವಾಗ ಪಕ್ಕದಲ್ಲಿ ಯಾರಿದ್ರು? ಹೇಳು, ನಾನು ಹೆದರಲ್ಲ!"

ಅವನ ಕಣ್ಣು ಅವಳ ಬಾಯಿಯ ಮೇಲೆಯೇ ಇತ್ತು.

"ಇಲ್ಲಿ ಬೇಡ, ಕತ್ತಲೆ. ಆ ಕಿಟಕಿ ಹತ್ತಿರ ಬಾ."

ಅವಳು ಸುತ್ತ ನೋಡಿದಳು. ಕಪ್ಪು ಕನ್ನಡಕದ ಒಬ್ಬ ಮನುಷ್ಯ ಕಂಬಕ್ಕೆ ಒರಗಿ ಐಸ್‌ಕ್ರೀಮ್ ತಿನ್ನುತ್ತಿದ್ದ. ಅನುಮಾನವೇ ಬೇಡ ಅನ್ನಿಸಿತು. ಕಿಟಕಿಯತ್ತ ಆಗಲೇ ನಡೆದಿದ್ದವನ ಹಿಂದೆ ಹೋಗಿ, "ಇಲ್ಲೂ ಇದ್ದಾರಾ ಅವರು?" ಎಂದು ಪಿಸುಗುಟ್ಟಿದಳು.

ಬಿಸಿಲಿಗೆ ಅವಳ ಮುಖ ತಿರುಗಿಸಿ ನಿಲ್ಲಿಸಿಕೊಂಡು ಅವನೆಂದ, "ಈಗ ಹೇಳು. ನಿಧಾನವಾಗಿ."

ಅವನು ಹೇಳಿದ್ದು ಎಷ್ಟು ಜೋರಾಗಿ ಎಂದರೆ ಪಾಪ್‌ಕಾರ್ನ್ ಮಾರುವವರು ತಿರುಗಿ ನೋಡಿದರು.

"ಮಂ... ತ್ರಿ... ಹೆ... ದರಿಸಿದ್ರಾ?"

"ಮಂತ್ರಿ?" ಅವನ ಹುಬ್ಬು ಮೇಲೇರಿತು. ಆಮೇಲೆ ನಕ್ಕ. ಎಷ್ಟೋ ಕಾಲ ನಗದವನು ನಗುವ ಹಾಗೆ, ತುಕ್ಕು ಹಿಡಿದ ನಗು. "ನನ್ನಂಥ ಪಂಪ್ ಆಪರೇಟರನ್ನ ಹೆದರಿಸೋಕೆ ಮಂತ್ರಿ ಯಾಕೆ? ನಮ್ಮ ಸೂಪರ್‌ವೈಸರೇ ಸಾಕಾಗ್ತಿದ್ರು."

"ಮತ್ತೆ ಯಾಕೆ?"

ನಗು ನಿಂತಿತು.

"ನನಗೆ ಕಿವಿ ಕೇಳಿಸಲ್ಲ."

"ಏನು?"

"ಕೇಳಿಸಲ್ಲ. ಎರಡೂ ಕಿವಿ. ಹೊಸ ಮಷಿನ್ ಹಾಕಿ ನೋಡಿದ್ರು, ತಗಡು ಬಡಿದ ಹಾಗೆ ಸದ್ದು ಬರುತ್ತೆ, ಮಾತು ಬರಲ್ಲ."

ಗುಂಡಿನ ಸದ್ದು... ಪಾಪ್‌ಕಾರ್ನ್ ಸಾಲು... ಎಷ್ಟೋ ಸಲದ 'ಏನಂದೆ?'... ಒಂದೊಂದೇ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

"ಆವತ್ತು... ಫೋನಲ್ಲಿ..."

ಅವನಿಗೆ ತುಟಿ ನೋಡಿ ಅರ್ಥವಾಯಿತು. "ನೀನು ಏನು ಹೇಳಿದೆಯೋ ನನಗೆ ಈವತ್ತಿಗೂ ಗೊತ್ತಿಲ್ಲ. ನನ್ನ ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ನೀನು ಬೈತೀಯ, ಆಮೇಲೆ ಅಳ್ತೀಯ... ಎಷ್ಟು ಹೊತ್ತು ಅಳ್ತೀಯ ಅಂತ ಅಂದಾಜು ಮಾಡಿ ಕಾದೆ. ಸಾಕಾಗಿರುತ್ತೆ ಅನ್ನಿಸಿದಾಗ ಇಟ್ಟೆ."

'ಸಾಕಾಗಿರಲಿಲ್ಲ,' ಎಂದುಕೊಂಡಳು ಅವಳು. 'ಇನ್ನೂ ಸಾಕಾಗಿಲ್ಲ ಕಣೋ.'

"ಮೆಸೇಜ್ ಹಾಕಬಹುದಿತ್ತು. ಆದ್ರೆ ನೀನು ದನಿಯವಳು, ಅಕ್ಷರ ನಂಬಲ್ಲ, ನೇರ ಮನೆಗೇ ಬಂದುಬಿಡ್ತಿದ್ದೆ. ಗೇಟಿನವರ ಕಾಲು ಹಿಡಿದು ನಾನೇ ಹೇಳಿದ್ದೆ, ಅವಳು ಬಂದ್ರೆ ಏನೂ ಹೇಳಬೇಡಿ ಅಂತ."

"ಆದ್ರೆ ಯಾಕೆ? ಕಿವಿ ಹೋದ್ರೆ ನಾನು ಬಿಡ್ತೀನಾ? ಅಷ್ಟೇನಾ ನೀನು ನನ್ನ ತಿಳ್ಕೊಂಡಿದ್ದು?" ಆಮೇಲೆ ಅವಳಿಗೆ ಹೊಳೆಯಿತು. "ಅಲ್ಲ, ಹೋಗಿದ್ದಾದ್ರೂ ಹೇಗೆ? ಇಯರ್ ಮಫ್ ಕೊಟ್ಟಿದ್ರಲ್ಲ? ಹಾಕ್ಕೊಳ್ಳಿ ಅಂತ ನಾನೇ ದಿನವೂ..."

ಅವನು ಮುಖ ತಿರುಗಿಸಿಬಿಟ್ಟ.

ಕಿವುಡನು ಮುಖ ತಿರುಗಿಸಿದರೆ ಅದು ಬಾಗಿಲು ಹಾಕಿದಂತೆ. ಅವಳು ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಅವನ ಕಣ್ಣು ತುಂಬಿತ್ತು.

'ದಿನವೂ ನಿನ್ನ ದನಿ ಕೇಳ್ತೀನಿ, ಗೊತ್ತಾ?'

ಆ ಸದ್ದಿನಲ್ಲಿ... ಅಷ್ಟು ದಪ್ಪ ಇಯರ್ ಮಫ್ ಹಾಕಿಕೊಂಡು... ಹೇಗೆ ಕೇಳಿಸುತ್ತಿತ್ತು?

"ತೆಗೀತಿದ್ದೆಯಾ?" ಅವಳ ಬಾಯಿಂದ ದನಿ ಹೊರಡಲಿಲ್ಲ. ಬೇಕಾಗಿಯೂ ಇರಲಿಲ್ಲ. "ನನ್ನ ದನಿ ಕೇಳೋಕೆ... ಇಯರ್ ಮಫ್ ತೆಗೀತಿದ್ದೆಯಾ?"

ಅವನು ತಲೆಯಾಡಿಸಿದ.

"ನೀನು ಶುರು ಮಾಡೋ ಮುಂಚೆ ಟಣ್ ಅಂತ ಗಂಟೆ ಬಾರಿಸೋದು. ಅದು ಬಾರಿಸಿದ ಕೂಡಲೇ ತೆಗೆದು ಕುತ್ತಿಗೆಗೆ ಇಳಿಸಿಕೊಳ್ತಿದ್ದೆ. ಎರಡು ನಿಮಿಷದ ಮಾತು, ಏನಾಗುತ್ತೆ ಅಂತ. ಆಮೇಲೆ ಮಾತು ಮುಗಿದ ಮೇಲೂ ಹಾಕ್ಕೊಳ್ಳೋಕೆ ಮನಸ್ಸಾಗ್ತಿರಲಿಲ್ಲ. ಹಾಕಿದ್ರೆ ನಿನ್ನ ದನಿ ಒರೆಸಿಹೋಗುತ್ತೆ ಅನ್ನಿಸೋದು... ಡಾಕ್ಟರು ಬೈದ್ರು. ಎಂಥ ದಡ್ಡನಯ್ಯ ನೀನು ಅಂದ್ರು. ಕಾರಣ ಹೇಳಿದ್ದಿದ್ರೆ ಇನ್ನೂ ಬೈತಿದ್ರು."

ಇಯರ್ ಮಫ್ ಹಾಕಿಕೊಳ್ಳಿ ಎಂದ ದನಿಯನ್ನು ಕೇಳಲು ಇಯರ್ ಮಫ್ ತೆಗೆದವನು! ಲೋಕದಲ್ಲಿ ಇಂಥ ತಪ್ಪು ಮಾಡಲು ಇವನೊಬ್ಬನೇ ಸಿಕ್ಕಿದ, ಮಾಡಿಸಲು ಅವಳೊಬ್ಬಳೇ ಸಿಕ್ಕಿದಳು.

ಅವಳು ಕಿಟಕಿಯ ಕಟ್ಟೆಗೆ ಕುಸಿದು ಕೂತಳು. ಮಂತ್ರಿ ಇರಲಿಲ್ಲ. ಬಂದೂಕಿನವನು ಇರಲಿಲ್ಲ. ಸಿಟ್ಟು ಮಾಡಲು ಒಬ್ಬ ಖಳನಾಯಕನೂ ಇಲ್ಲದ ಕಥೆ ಅವಳ ಪಾಲಿಗೆ ಬಂದಿತ್ತು. ಇದ್ದದ್ದು ಒಂದು ದನಿ ಮಾತ್ರ. ಅದೂ ಅವಳದೇ.

"ಇದಕ್ಕೇ ಹೇಳಲಿಲ್ಲ," ಎಂದ ಅವನು. "ಗೊತ್ತಾದ ದಿನದಿಂದ ನೀನು ಬಾಯಿ ತೆರೆದಾಗಲೆಲ್ಲ ಇದೇ ಮುಖ ಮಾಡ್ತೀಯ. ದನಿಯೇ ಅನ್ನ ನಿನಗೆ. ನೋಡು, ಆ ಸಿನಿಮಾದ ಹೆಂಗಸಿಗೂ ಕೊನೆವರೆಗೆ ಗೊತ್ತಾಗಲಿಲ್ಲ. ನೆಮ್ಮದಿಯಾಗಿ ಪೆಟ್ರೋಲ್ ಹಾಕಿಸಿಕೊಂಡು ಹೋದ್ಲು."

ಆಗ ಅವಳಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಎದ್ದು ನಿಂತಳು.

"ನೆಮ್ಮದಿ ಅಂತೆ! ಆ ಹೆಂಗಸಿಗೆ ದನಿ ಕೊಟ್ಟವಳು ನಾನು! ಆ ಬಂಕಿನಲ್ಲಿ ಅವಳಿಗೆ ಮಾತಿಲ್ಲ, ಉಸಿರಷ್ಟೇ. ಆ ಉಸಿರೂ ನನ್ನದೇ! ಅದು ನೆಮ್ಮದಿಯಾಗಿರೋರ ಉಸಿರಲ್ಲ! ಜನ ಚಪ್ಪಾಳೆ ತಟ್ಟಿದ್ರು, ಎಂಥ ತ್ಯಾಗ ಅಂತ. ಅವಳನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ನೀನು ಕೇಳಿದೆಯಾ ನನ್ನ? ಅಳೋದಾದ್ರೆ ನಾನು ನಿನ್ನ ಪಕ್ಕ ಕೂತು ಅಳ್ತಿದ್ದೆ. ಒಬ್ಬಳೇ ಅಳೋ ಹಾಗೆ ಮಾಡಿದೆಯಲ್ಲ, ಅದು ತಪ್ಪು!"

ಅವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಉಸಿರು... ತಪ್ಪು... ಅಷ್ಟೇ ತಿಳೀತು. ತುಟಿ ಓದೋದು ಇನ್ನೂ ಕಾಗುಣಿತದ ಮಟ್ಟದಲ್ಲಿದೆ. ಇನ್ನೊಂದು ಸಲ ಹೇಳ್ತೀಯಾ?"

ಅವಳ ಕೆಲಸದಲ್ಲಿ ಅದು ಮಾಮೂಲು. ಇನ್ನೊಂದು ಟೇಕ್. ಮೂಗು ಒರೆಸಿಕೊಂಡಳು. ಎಲ್ಲವನ್ನೂ ಮತ್ತೆ ಹೇಳಿದಳು, ನಿಧಾನವಾಗಿ, ತುಟಿ ಕೂಡುವಲ್ಲಿ ಕೂಡಿಸಿ, ತೆರೆಯುವಲ್ಲಿ ತೆರೆದು. ಪರದೇಶದ ನಟಿಯರ ತುಟಿಗೆ ಮಾತು ಹೊಂದಿ ಕೂರಲಿ ಎಂದು ಇಷ್ಟು ವರ್ಷ ಒದ್ದಾಡಿದವಳು, ತನ್ನ ತುಟಿ ಒಬ್ಬನಿಗೆ ಅರ್ಥವಾಗಲಿ ಎಂದು ಮೊದಲ ಸಲ ಒದ್ದಾಡಿದಳು. ಎರಡನೇ ಟೇಕಿನಲ್ಲಿ ಸಿಟ್ಟು ಕಡಿಮೆಯಾಗಿ ಅಳು ಹೆಚ್ಚಾಗಿತ್ತು.

ಈ ಸಲ ಅವನಿಗೆ ಪೂರ್ತಿ ತಿಳಿಯಿತು. ತಲೆ ತಗ್ಗಿಸಿದ.

"ತಪ್ಪಾಯ್ತು," ಎಂದ. ಆ ಒಂದು ಮಾತನ್ನು ಮಾತ್ರ ಮೆಲ್ಲಗೆ ಹೇಳಿದ.

ಅವಳು ಅವನ ಗಲ್ಲ ಎತ್ತಿದಳು. "ಏನೂ ಕೇಳಿಸದವನು ಸಿನಿಮಾಕ್ಕೆ ಯಾಕೆ ಬಂದೆ?"

"ಪೇಪರಲ್ಲಿ ನಿನ್ನ ಹೆಸರು ನೋಡಿದೆ. ನಿನ್ನ ದನಿ ಇತ್ತಲ್ಲ."

"ಕೇಳಿಸಲ್ಲವಲ್ಲೋ ನಿನಗೆ..."

"ಗೋಡೆಗೆ ಕೇಳಿಸ್ತಿತ್ತು." ಅವನು ಅಂಗೈ ಬಿಡಿಸಿ ತೋರಿಸಿದ. ಒತ್ತಿ ಒತ್ತಿ ಅದು ಕೆಂಪಾಗಿತ್ತು. "ಆ ನಟಿಯ ತುಟಿ ಬೇರೆ ಏನೋ ಭಾಷೆ ಆಡ್ತಿತ್ತು, ಅದನ್ನ ಓದೋ ಹಾಗಿರಲಿಲ್ಲ. ಆ ಗೋಡೆ ಮಾತ್ರ ನಿನ್ನ ಥರ ನಡುಗ್ತಿತ್ತು. ಫೋನ್ ದೃಶ್ಯದಲ್ಲಿ ನೀನು ಅಳಲಿಲ್ಲ ಅಲ್ವಾ? ಬೈದೆ."

"ಹೂಂ. ಬೈದೆ."

"ನನ್ನನ್ನೇ ತಾನೆ?"

ಅವಳು ಆ ಕೆಂಪು ಅಂಗೈಯ ಮೇಲೆ ತನ್ನ ಕೆನ್ನೆಯಿಟ್ಟಳು. ಅವನು ಇನ್ನೆಂದೂ ಅವಳ ದನಿ ಕೇಳುವುದಿಲ್ಲ. ಅವಳು ಇನ್ನೆಂದೂ ಮೈಕಿನ ಮುಂದೆ ನಿಂತಾಗ ಅದನ್ನು ಮರೆಯುವುದಿಲ್ಲ. ಯಾವ ತಪ್ಪೊಪ್ಪಿಗೆಯೂ ಅದನ್ನು ಸರಿ ಮಾಡುವಂತಿರಲಿಲ್ಲ. ಇಬ್ಬರೂ ಅತ್ತರು. ಈ ಸಲ ಯಾರೂ ಹೊತ್ತು ಅಂದಾಜು ಮಾಡಲಿಲ್ಲ.

ತಲೆಯೆತ್ತಿದಾಗ ಅವನು ಸುತ್ತ ನೋಡುತ್ತಿದ್ದ. ಮೆಟ್ಟಿಲ ಮೇಲೆ ಅಮ್ಮ, ಅಕ್ಕ, ಭಾವ ಸಾಲಾಗಿ ನಿಂತಿದ್ದರು. ಪಾಪ್‌ಕಾರ್ನ್ ಮಾರುವವರು ಮಾರುವುದನ್ನೇ ಬಿಟ್ಟಿದ್ದರು. ಕಪ್ಪು ಕನ್ನಡಕದವನ ಐಸ್‌ಕ್ರೀಮ್ ಕರಗಿ ತೋಳಿಗೆ ಇಳಿದಿತ್ತು.

"ದೊಡ್ಡಮ್ಮ... ನಾನೇನಾದ್ರೂ ಜೋರಾಗಿ ಮಾತಾಡ್ತಾ ಇದ್ನಾ?"

"ಹೂಂ."

"ಎಲ್ಲಾ ಕೇಳಿಸ್ತಾ ಇವರಿಗೆ?"

"ಒಂದಕ್ಷರ ಬಿಡದೆ."

ಮೇಲಿನಿಂದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಅಲ್ಲವೇ, ಹಲ್ಲಿನ ಡಾಕ್ಟರಿಗೆ ನಾನೇನಂತ ಹೇಳ್ಲಿ?" ಎಂದಳು.

"ಕಿವಿ ಡಾಕ್ಟರಾಗಿದ್ರೆ ಕರೆಸಬಹುದಿತ್ತು ಅನ್ನಿ," ಎಂದರು ಭಾವ. ಅಕ್ಕ ಅವರ ಪಕ್ಕೆಗೆ ತಿವಿದಳು. ಅವರ ಕೈಯಲ್ಲಿದ್ದ ಕರವಸ್ತ್ರ ಒದ್ದೆಯಾಗಿತ್ತು.

ಅವಳು ಅವನ ಕಡೆ ತಿರುಗಿದಳು. ಬಿಸಿಲಿಗೆ ಮುಖ ಮಾಡಿ ನಿಂತಳು. ದನಿ ತೆಗೆಯದೆ, ಬರೀ ತುಟಿಯಲ್ಲಿ, ಒಂದು ಸಾಲು ಹೇಳಿದಳು.

ಓದುವುದರಲ್ಲಿ ಕಾಗುಣಿತದ ಮಟ್ಟದವನು ಅದನ್ನು ಒಂದೇ ನೋಟಕ್ಕೆ ಓದಿದ. ಅದು ಅವನಿಗೆ ಬಾಯಿಪಾಠವಾಗಿದ್ದ ಸಾಲು. ಅದಕ್ಕಾಗಿಯೇ ಅವನು ಕಿವಿ ಕಳೆದುಕೊಂಡಿದ್ದ.

"ಜೋರಾಗಿ ಹೇಳು," ಎಂದ ಅವನು.

"ಯಾಕೆ? ನಿನಗೆ ಕೇಳಿಸಲ್ಲವಲ್ಲ."

"ನನ್ನದೆಲ್ಲ ಇವರು ಕೇಳಿಸಿಕೊಂಡ್ರಲ್ಲ. ನಿನ್ನದೂ ಕೇಳಿಸಿಕೊಳ್ಳಲಿ."

ಅವಳು ನಕ್ಕಳು. ಕಣ್ಣೀರು ತುಟಿಗೆ ಇಳಿಯಿತು. ಅವನ ಕೆಂಪು ಅಂಗೈಯನ್ನು ತೆಗೆದು ತನ್ನ ಎದೆಯ ಮೇಲೆ, ಗೋಡೆಗೆ ಒತ್ತಿದಂತೆಯೇ ಒತ್ತಿ ಹಿಡಿದಳು. ಆಮೇಲೆ ಪಂಪ್ ಹೌಸಿನ ದೊಡ್ಡಮ್ಮನ ದನಿಯಲ್ಲಿ, ಆ ಕಟ್ಟಡದ ಕೊನೆಯ ಮೂಲೆಗೂ ಮುಟ್ಟುವಂತೆ ಹೇಳಿದಳು:

"ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ!"

"ಗೊತ್ತು," ಎಂದ ಅವನು. "ಬರ್ತಾ ಇದ್ದೀನಿ."